ಅವರೆಯ ತಿಂಗಳಿನ ಮೂರು ಮೆಚ್ಚುಗೆಗಳು

ಮಾರ್ಗಶಿರದ ಚಳಿ ಬಿದ್ದಿತೆಂದರೆ ಹಲಸೂರಿನ ಬೀದಿಗಳಿಗೆ ಎರಡು ಪರಿಮಳಗಳು ಬರುತ್ತವೆ. ಒಂದು, ತಳ್ಳುಗಾಡಿಯ ಮೇಲೆ ಗುಡ್ಡೆ ಹಾಕಿದ ಅವರೆಕಾಯಿಯ ಸೊಗಡು. ಇನ್ನೊಂದು, ಶಿವಾಜಿನಗರ, ಫ್ರೇಜರ್ ಟೌನುಗಳ ಬೇಕರಿಗಳಿಂದ ಹೊರಡುವ ಕ್ರಿಸ್‌ಮಸ್ ಕೇಕಿನ ವಾಸನೆ. 1809ರಲ್ಲಿ ಬ್ರಿಟಿಷರ ದಂಡು ಇಲ್ಲಿ ಬೀಡು ಬಿಟ್ಟಿತು. 1949ರಲ್ಲಿ ಪೇಟೆಯೂ ದಂಡೂ ಒಂದೇ ಕಾರ್ಪೊರೇಷನ್ನಿಗೆ ಸೇರಿದುವು. ಅಲ್ಲಿಯವರೆಗೆ ಎರಡು ಊರುಗಳಾಗಿದ್ದುದು ಇಂದು ಮೂಗಿಗೆ ಒಂದೇ ಊರು.

ಇಂಥ ಬೀದಿಯೊಂದರಲ್ಲಿ ಭೋಜನಪ್ರಿಯರೊಬ್ಬರು ವಾಸವಾಗಿದ್ದಾರೆಂದು ವಾಚಕರು ಭಾವಿಸಿಕೊಳ್ಳಲಿ. ಅಂಥವರು ಎಲ್ಲ ಬೀದಿಗಳಲ್ಲಿಯೂ ಇರುವುದರಿಂದ ಅವರಿಗೆ ವಿಶೇಷ ಹೆಸರು ಬೇಡ. ರಾಯರು ಎಂದರೆ ಸಾಕು. ರಾಯರು ವಿಮಾನ ಕಾರ್ಖಾನೆಯ ಕೆಲಸದಿಂದ ನಿವೃತ್ತರಾದವರು. ಮನೆಯಲ್ಲಿ ಎಂಬತ್ತು ದಾಟಿದ ತಾಯಿ, ಪತ್ನಿ, ಕೆಲಸಕ್ಕೆ ಹೋಗುವ ಮಗಳು, ಓದು ಮುಗಿಸುತ್ತಿರುವ ಮಗ. ರಾಯರಿಗೆ ಊಟದಲ್ಲಿ ಎಷ್ಟು ಆಸಕ್ತಿಯೋ ಪುಸ್ತಕದಲ್ಲಿಯೂ ಅಷ್ಟೇ. ಸಂಗೀತ, ಸಿನಿಮಾಗಳಲ್ಲಿಯೂ ಅದೇ ಪ್ರಮಾಣ. ತಿಂಗಳು ಮುಗಿಯುವ ಹೊತ್ತಿಗೆ ಅವರು ಒಂದು ದಪ್ಪ ನೋಟುಪುಸ್ತಕ ತೆಗೆದು ಪುಟವನ್ನು ಮೂರು ಕಲಮುಗಳಾಗಿ ಗೆರೆಯೆಳೆದು ಬರೆಯುತ್ತಾರೆ: ಅಡಿಗೆ, ಓದು, ವಿನೋದ. ಆ ತಿಂಗಳಲ್ಲಿ ಮನಸ್ಸಿಗೆ ಹಿಡಿಸಿದುದೆಲ್ಲ ಅಲ್ಲಿ ಸೇರುತ್ತದೆ.

ಡಿಸೆಂಬರಿನ ಪುಟಕ್ಕೆ ಮೊದಲ ಕಲಮಿನಲ್ಲಿ ಏನು ಬರುವುದೆಂದು ಮನೆಯವರೆಲ್ಲರಿಗೂ ಗೊತ್ತು. ವರ್ಷವರ್ಷವೂ ಅದೇ: ಹಿತಕಿದ ಬೇಳೆಯ ಸಾರು.

ಅವರೆ ಹಗಲು ಕಿರಿದಾಗುವುದನ್ನು ಕಾದು ಹೂ ಬಿಡುವ ಗಿಡ. ಆದುದರಿಂದಲೇ ನಾಟಿ ಅವರೆ ಚಳಿಗಾಲಕ್ಕೆ ಕಾಯಾಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಗಲಿನ ಉದ್ದವನ್ನು ಲೆಕ್ಕಿಸದೆ ವರ್ಷದ ಯಾವ ಕಾಲದಲ್ಲಿ ಬಿತ್ತಿದರೂ ಫಲ ಕೊಡುವ ತಳಿಗಳನ್ನು ಹೆಬ್ಬಾಳ ಅವರೆ ಎಂಬ ಹೆಸರಿನಿಂದ ಕೊಟ್ಟಿದ್ದಾರೆ. ಹೀಗಾಗಿ ಬೇಸಗೆಯಲ್ಲಿಯೂ ಅವರೆ ಕಾಣಿಸಿಕೊಳ್ಳುವುದುಂಟು. ಆದರೆ ರಾಯರಿಗೆ ಇಬ್ಬನಿ ಬಿದ್ದ ಕಾಯಿಯೇ ಬೇಕು. ಅದು ಕೋಲಾರ, ಚಿಂತಾಮಣಿ, ಹೊಸಕೋಟೆಯ ಕಡೆಯ ಹೊಲಗಳಿಂದ ಹಳೆಯ ಮದರಾಸು ರಸ್ತೆ ಹಿಡಿದು ಕೃಷ್ಣರಾಜಪುರ ದಾಟಿ ಊರಿಗೆ ಬರುತ್ತದೆ. ಕಾಯನ್ನು ಕೈಯಲ್ಲಿ ಹಿಡಿದರೆ ಸೊಗಡು ಬೆರಳಿಗೆ ಅಂಟಬೇಕು, ಸಿಪ್ಪೆ ಕೊಂಚ ಜಿಡ್ಡಾಗಿರಬೇಕು, ಒಳಗಿನ ಕಾಳು ಹಸಿರಾಗಿ ತುಂಬಿರಬೇಕು. ಕಾಯಿ ಆರಿಸುವುದರಲ್ಲಿ ರಾಯರನ್ನು ಮೀರಿಸುವವರಿಲ್ಲ. ಆರಿಸಿ ತಂದು ಅಡಿಗೆಮನೆಯ ಬಾಗಿಲಲ್ಲಿ ಚೀಲ ಇಟ್ಟರೆ ಅವರ ಕರ್ತವ್ಯ ಮುಗಿಯಿತು.

ಮುಂದಿನ ಕರ್ತವ್ಯ ಎಷ್ಟೆಂಬುದನ್ನು ಹಿತಕಿದವರೇ ಬಲ್ಲರು. ಕಾಯಿ ಬಿಡಿಸಬೇಕು. ಕಾಳನ್ನು ರಾತ್ರಿ ನೀರಿನಲ್ಲಿ ನೆನೆಹಾಕಬೇಕು. ಬೆಳಗ್ಗೆ ಒಂದೊಂದು ಕಾಳನ್ನೂ ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಬೇಕು. ಸಿಪ್ಪೆ ಕೈಯಲ್ಲುಳಿದು ಬೇಳೆ ಪಾತ್ರೆಗೆ ಹಾರುತ್ತದೆ. ಐದು ಜನರ ಸಾರಿಗೆ ಬೇಕಾಗುವ ಬೇಳೆಯನ್ನು ಒಬ್ಬರೇ ಕುಳಿತು ಹಿತಕುವುದಾದರೆ ಎರಡು ಗಂಟೆಗೆ ಕಡಿಮೆಯಿಲ್ಲ. ಬೆರಳ ತುದಿ ನೆನೆದು ಸುಕ್ಕಾಗುತ್ತದೆ, ಉಗುರಿನ ಸಂದಿಗೆ ಹಸಿರು ಕರೆ ಹಿಡಿಯುತ್ತದೆ, ಬಗ್ಗಿದ ಕುತ್ತಿಗೆ ನೋಯುತ್ತದೆ. ಇದೆಲ್ಲ ಆದ ಮೇಲೆ ಒಲೆ ಹಚ್ಚುವ ಕೆಲಸ.

ಈ ಸಲ ರಾಯರು ತಿಂಗಳ ಮೊದಲ ವಾರದಲ್ಲಿಯೇ ನೋಟುಪುಸ್ತಕ ತೆರೆದರು. ಮೊದಲ ಕಲಮಿನಲ್ಲಿ “ಹಿತಕಿದ ಬೇಳೆ, ರಾಗಿಮುದ್ದೆ, ಅತ್ಯುತ್ತಮ” ಎಂದು ಬರೆದುದಾಯಿತು. ಕಾಫಿ ತಂದಿಟ್ಟ ಪತ್ನಿ ಕನ್ನಡಕ ಸರಿಪಡಿಸಿಕೊಂಡು ಆ ಪುಟ ನೋಡಿದರು. ಹಿಂದಿನ ತಿಂಗಳುಗಳ ಪುಟಗಳನ್ನೂ ತಿರುವಿದರು.

“ಏನೂಂದ್ರೆ, ಇದರಲ್ಲಿ ಮೂರು ಕಲಮಿವೆಯಲ್ಲ, ನನ್ನದು ಯಾವುದು?” ಎಂದರು.

“ಮೊದಲನೆಯದೆಲ್ಲ ನಿನ್ನದೇ” ಎಂದರು ರಾಯರು, ಉದಾರವಾಗಿ.

“ಅದು ನಾನು ಮಾಡಿದ್ದು. ನಾನು ಮೆಚ್ಚಿದ್ದು ಎಲ್ಲಿದೆ ಅಂತ ಕೇಳಿದೆ.”

ಮಾತಿನಲ್ಲಿ ಕೋಪವಿರಲಿಲ್ಲ. ಅದು ಇದ್ದಿದ್ದರೆ ರಾಯರಿಗೆ ಉತ್ತರ ಸುಲಭವಾಗುತ್ತಿತ್ತು. ಪತ್ನಿ ಕಳೆದ ಬಾರಿ ಪೂರ್ತಿಯಾಗಿ ಓದಿದ ಪುಸ್ತಕ ಯಾವುದು, ಕಳೆದ ಬಾರಿ ಕುಳಿತು ಮಂಗಳದವರೆಗೆ ಕೇಳಿದ ಕಛೇರಿ ಯಾವುದು ಎಂದು ಅವರು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದರು. ಕಛೇರಿಗೆ ಇಬ್ಬರೂ ಹೊರಟರೂ ಎಂಟು ಗಂಟೆಗೆ ಅತ್ತೆಯ ಊಟದ ಹೊತ್ತೆಂದು ಆಕೆ ಮಧ್ಯದಲ್ಲಿ ಎದ್ದು ಬರುವುದು ವಾಡಿಕೆ. ನೆನಪು ಯಾವ ಪುಟವನ್ನೂ ತೆರೆಯಲಿಲ್ಲ.

ರಾಯರ ಮನೆ ಒಂದರ ಮಾತು ಇದಲ್ಲ. ಕೇಂದ್ರ ಸರ್ಕಾರದ ಅಂಕಿಅಂಶ ಕಛೇರಿ 2019ರಲ್ಲಿ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ದೇಶಾದ್ಯಂತ ಸಮೀಕ್ಷೆ ನಡೆಸಿತು. ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವವರ ಪ್ರಮಾಣ ಹೆಂಗಸರಲ್ಲಿ ನೂರಕ್ಕೆ 81, ಗಂಡಸರಲ್ಲಿ ನೂರಕ್ಕೆ 26. ಹಾಗೆ ಕೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಎಂದರೆ ಸುಮಾರು ಐದು ಗಂಟೆ, ಅದರಲ್ಲಿ ಕಳೆಯುತ್ತಿದ್ದರು. ಗಂಡಸರು 97 ನಿಮಿಷ. ಓದು, ವಿನೋದಗಳ ಕಲಮು ಯಾರ ಪಾಲಿಗೆ ಏಕೆ ಖಾಲಿ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಿಲ್ಲ.

ರಾಯರ ತಾಯಿ ಮೂಲೆಯ ಕುರ್ಚಿಯಿಂದ ಎಲ್ಲವನ್ನೂ ಕೇಳುತ್ತಿದ್ದರು. “ಹಿತಕಿದ ಬೇಳೆ ಒಬ್ಬಳು ಮಾಡೋ ಅಡಿಗೆ ಅಲ್ಲ ಕಣೋ,” ಎಂದರು. “ನಮ್ಮ ಮನೇಲಿ ಹನ್ನೊಂದು ಜನ ಸುತ್ತ ಕೂತು ಹಿತಕ್ತಿದ್ವಿ. ಹನ್ನೊಂದು ಜನ ಹೋದರು, ಬೇಳೆ ಮಾತ್ರ ಉಳೀತು.”

ಆ ಮಾತು ನಿಜ. ಕೂಡುಕುಟುಂಬದ ಕಾಲದಲ್ಲಿ ಹುಟ್ಟಿದ ಎಷ್ಟೋ ಅಡಿಗೆಗಳು ಹತ್ತು ಕೈಗಳನ್ನು ನಂಬಿಕೊಂಡು ಹುಟ್ಟಿದುವು. ಸಂಸಾರ ಸಣ್ಣದಾದ ಮೇಲೆ ಆಸೆ ಅಷ್ಟೇ ಉಳಿದು ಕೈ ಎರಡೇ ಆಯಿತು. ಪಕ್ಕದ ಕ್ರೈಸ್ತರ ಮನೆಯಲ್ಲಿಯೂ ಇದೇ ತಿಂಗಳು ಇದೇ ಪಾಠ ಕಾಣಸಿಗುತ್ತದೆ. ಕ್ರಿಸ್‌ಮಸ್ಸಿಗೆ ಅವರು ಮಾಡುವ ಕಲ್‌ಕಲ್ ಎಂಬ ತಿಂಡಿಗೆ ಮೈದಾ, ತೆಂಗಿನ ಹಾಲು, ಸಕ್ಕರೆ ಕಲಸಿದ ಹಿಟ್ಟನ್ನು ಗೋಲಿಯಷ್ಟು ಚಿವುಟಿ ಫೋರ್ಕಿನ ಅಥವಾ ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಸುರುಳಿ ಸುತ್ತಬೇಕು. ಮಂಗಳೂರಿನ ಕ್ರೈಸ್ತರಲ್ಲಿ ಇದಕ್ಕೆ ಕಿಡ್ಯೊ ಎಂದು ಹೆಸರು. ಹಬ್ಬದ ತಿಂಡಿಗಳಿಗೆಲ್ಲ ಒಟ್ಟಾಗಿ ಕುಸ್ವಾರ್ ಎನ್ನುತ್ತಾರೆ. ಒಂದು ಡಬ್ಬಿ ತುಂಬಲು ನೂರಾರು ಸುರುಳಿಗಳಾಗಬೇಕು. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಮೇಜಿನ ಸುತ್ತ ಕೂರುವುದು ಅಲ್ಲಿನ ಪದ್ಧತಿ. ಕೂರದ ವರ್ಷ ಬೇಕರಿಯಿಂದ ತರುತ್ತಾರೆ.

ರಾಯರು ಹಿತಕಿದ ಬೇಳೆಯನ್ನೂ ಅಂಗಡಿಯಿಂದ ತರಬಹುದಿತ್ತು. ಹಿತಕಿ ಪೊಟ್ಟಣ ಕಟ್ಟಿದ ಬೇಳೆ ಈಗ ಊರಿನಲ್ಲಿ ಸಿಕ್ಕುತ್ತದೆ. ಬೇರೊಬ್ಬ ಹೆಂಗಸಿನ ಬೆರಳು ಅದಕ್ಕಾಗಿ ಸುಕ್ಕಾಗಿರುತ್ತದೆ ಅಷ್ಟೆ. ಅವಸರವಿದ್ದವರು ಅದನ್ನು ಕೊಂಡರೆ ತಪ್ಪೂ ಇಲ್ಲ. ಆದರೆ ಅಜ್ಜಿಯ ಮಾತು ಮಗಳ ಮನಸ್ಸಿಗೆ ನಾಟಿತು. “ಅಪ್ಪ, ಶನಿವಾರ ರಾತ್ರಿ ನಾವೆಲ್ಲ ಕೂರೋಣ. ಅಮ್ಮ ಮುಟ್ಟಬಾರದು” ಎಂದಳು.

ಅಡಿಗೆ

ಶನಿವಾರದ ಸಿದ್ಧತೆಯನ್ನು ಗೃಹಿಣಿಯರೂ, ಅವರಿಗಿಂತ ಹೆಚ್ಚಾಗಿ ಗೃಹಸ್ಥರೂ ಗುರುತು ಹಾಕಿಕೊಳ್ಳುವುದು ಲೇಸು.

ನಾಲ್ಕೈದು ಜನರಿಗೆ ಎರಡು ಕಿಲೋ ಕಾಯಿ. ಮಧ್ಯಾಹ್ನವೇ ಬಿಡಿಸಿ ಕಾಳು ಮುಳುಗುವಷ್ಟು ನೀರಿನಲ್ಲಿ ಐದಾರು ಗಂಟೆ ನೆನೆಯಿಡಬೇಕು. ಹಿತಕಿದ ಬೇಳೆಯನ್ನು ಎರಡು ಸಲ ತೊಳೆದು, ಚಿಟಿಕೆ ಅರಿಸಿನ ಹಾಕಿ, ತೆರೆದ ಪಾತ್ರೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೇಯಿಸಬೇಕು. ಕುಕ್ಕರಿನಲ್ಲಿಟ್ಟು ಮರೆತರೆ ಬೇಳೆ ಕರಗಿ ಗಂಜಿಯಾಗುವುದು. ಬೇಳೆ ಬೆರಳಿಗೆ ಮೆತ್ತಗಾದರೂ ರೂಪ ಕೆಡದಿರುವುದೇ ಹದ.

ಮಸಾಲೆಗೆ ಒಂದು ಚಮಚ ಎಣ್ಣೆಯಲ್ಲಿ ದೊಡ್ಡ ಚಮಚದಷ್ಟು ಧನಿಯ, ಅರ್ಧ ಚಮಚ ಜೀರಿಗೆ, ಆರು ಮೆಣಸಿನ ಕಾಳು, ಎರಡು ಲವಂಗ, ಸಣ್ಣ ಚೂರು ಚಕ್ಕೆ, ಅರ್ಧ ಚಮಚ ಗಸಗಸೆ, ನಾಲ್ಕೈದು ಬ್ಯಾಡಗಿ ಮೆಣಸಿನಕಾಯಿಗಳನ್ನು ಪರಿಮಳ ಬರುವಂತೆ ಹುರಿಯಬೇಕು. ಒಂದು ಈರುಳ್ಳಿಯನ್ನು ಹೆಚ್ಚಿ ಕೆಂಪಗೆ ಬಾಡಿಸಬೇಕು, ಬೇಡವೆನ್ನುವವರು ಬಿಡಬಹುದು. ಇವುಗಳೊಂದಿಗೆ ಅರ್ಧ ಬಟ್ಟಲು ತೆಂಗಿನ ತುರಿ, ಒಂದು ಅಂಗುಲ ಶುಂಠಿ, ಒಂದು ಚಮಚ ಹುರಿಗಡಲೆ, ಒಂದು ಹಿಡಿ ಕೊತ್ತಂಬರಿ ಸೊಪ್ಪು ಸೇರಿಸಿ ನುಣ್ಣಗೆ ರುಬ್ಬಬೇಕು. ಬೆಂದ ಬೇಳೆಗೆ ಹೆಚ್ಚಿದ ಟೊಮ್ಯಾಟೊ ಒಂದು, ರುಬ್ಬಿದ ಮಸಾಲೆ, ಉಪ್ಪು ಸೇರಿಸಿ ಏಳೆಂಟು ನಿಮಿಷ ಕುದಿಸಿ, ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಬೇಕು. ಮುದ್ದೆ, ಅಕ್ಕಿರೊಟ್ಟಿ, ಪೂರಿ, ದೋಸೆ, ಯಾವುದಕ್ಕೂ ಇದು ಒಪ್ಪುತ್ತದೆ. ಮರುದಿನ ಇನ್ನೂ ರುಚಿ.

ಕೊತ್ತಂಬರಿ, ಶುಂಠಿಗಳನ್ನು ತರಲು ಮಗನನ್ನು ರಸೆಲ್ ಮಾರ್ಕೆಟ್ಟಿಗೆ ಕಳುಹಿಸಿದರು. ಶಿವಾಜಿನಗರದ ಈ ಮಾರುಕಟ್ಟೆಯ ಕಟ್ಟಡ 1927ರದು. 1933ರಲ್ಲಿ ಅದರ ಉದ್ಘಾಟನೆ ನಡೆಯಿತು. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಹಲವು ಮಳಿಗೆಗಳು ಸುಟ್ಟುಹೋದರೂ ವ್ಯಾಪಾರಿಗಳು ಎದೆಗುಂದದೆ ಮತ್ತೆ ಬುಟ್ಟಿಯಿಟ್ಟು ಕುಳಿತರು. ಮಗ ಅಲ್ಲಿಗೆ ಹಿಂದೆಯೂ ಹೋಗಿದ್ದನು. ಆದರೆ ಕೊತ್ತಂಬರಿಯ ಕಟ್ಟನ್ನು ಬಿಡಿಸಿ ಒಳಗಿನ ಎಲೆ ನೋಡಬೇಕೆಂಬುದು ಅವನಿಗೆ ಅಂದೇ ತಿಳಿಯಿತು. ಮೊದಲ ಕಟ್ಟು ಒಳಗೆ ಹಳದಿಯಾಗಿತ್ತು.

ಓದು

ರಾತ್ರಿ ಎಂಟಕ್ಕೆ ನಡುಮನೆಯಲ್ಲಿ ಚಾಪೆ ಹಾಸಿ ನಾಲ್ವರು ಕುಳಿತರು. ಅಜ್ಜಿ ಕುರ್ಚಿಯಿಂದಿಳಿಯದೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡರು. ಪತ್ನಿಗೆ ಏನೂ ಕೆಲಸವಿಲ್ಲದೆ ಕೂರುವುದು ತಿಳಿಯದು. ಎರಡು ಸಲ ಕೈ ತಾನಾಗಿ ಬೇಳೆಯ ಪಾತ್ರೆಗೆ ಹೋಯಿತು. ಮಗಳು ಆ ಕೈಗೆ ಪುಸ್ತಕ ಕೊಟ್ಟಳು. “ಅಮ್ಮ, ನೀನು ಓದು. ನಾವು ಕೇಳ್ತೀವಿ.”

ಮೊದಲಿಗೆ ಬಂದುದು ಕನಕದಾಸರ ‘ರಾಮಧಾನ್ಯ ಚರಿತೆ’. ಹದಿನಾರನೆಯ ಶತಮಾನದ ಈ ಷಟ್ಪದಿ ಕಾವ್ಯದಲ್ಲಿ ಭತ್ತಕ್ಕೂ ರಾಗಿಗೂ ಜಗಳ. ತಾನೇ ಹೆಚ್ಚೆಂದು ಭತ್ತ ಹೀಯಾಳಿಸುತ್ತದೆ. ನರೆದಲೆಗನೆಂದು ಕರೆಸಿಕೊಂಡ ರಾಗಿ ತನ್ನ ಪಕ್ಷವನ್ನು ಬಿಡದೆ ವಾದಿಸುತ್ತದೆ. ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ತೆಗೆದು ನೋಡಿದಾಗ ಭತ್ತ ಕಳೆಗುಂದಿದೆ, ರಾಗಿ ಹಾಗೆಯೇ ಇದೆ. ರಾಘವನ ಹೆಸರು ರಾಗಿಗೆ ಸಲ್ಲುತ್ತದೆ. ಆಫ್ರಿಕದ ಎತ್ತರದ ನಾಡುಗಳಿಂದ ಪ್ರಾಚೀನ ಕಾಲದಲ್ಲಿ ಬಂದು ಕನ್ನಡ ನಾಡಿನ ಬಡವರ ಹೊಟ್ಟೆ ತುಂಬಿದ ಧಾನ್ಯಕ್ಕೆ ಕವಿಯೊಬ್ಬನು ಕೊಟ್ಟ ನ್ಯಾಯ ಇದು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದುದು ಬಹಳ ತಡವಾಗಿ.

ಪತ್ನಿಯ ಧ್ವನಿ ಮೊದಲು ತಡವರಿಸಿತು. ಕಾಲೇಜಿನ ದಿನಗಳಲ್ಲಿ ಷಟ್ಪದಿಯನ್ನು ಆಕೆ ರಾಗವಾಗಿ ಓದುತ್ತಿದ್ದರೆಂಬುದು ಮಕ್ಕಳಿಗೆ ತಿಳಿದಿರಲಿಲ್ಲ. ನಾಲ್ಕನೆಯ ಪದ್ಯದ ಹೊತ್ತಿಗೆ ಧ್ವನಿ ದಾರಿ ಕಂಡಿತು. ಹಿತಕುವ ಕೈಗಳು ಒಂದು ಕ್ಷಣ ನಿಂತುವು. ಅಜ್ಜಿ ಗದರಿಸಿದ ಮೇಲೆ ಮತ್ತೆ ಚಲಿಸಿದುವು.

ಬಳಿಕ ರಾಯರು ತಮ್ಮ ಮೆಚ್ಚಿನ ಗ್ರಂಥದ ಮಾತೆತ್ತಿದರು. ಕೊಳ್ಳೇಗಾಲದಲ್ಲಿ ಹುಟ್ಟಿದ ವಿಜ್ಞಾನಿ ಕೆ. ಟಿ. ಅಚ್ಚಯ ಅವರು ಭಾರತೀಯ ಆಹಾರದ ಚರಿತ್ರೆಯನ್ನು ಕುರಿತು ಇಂಗ್ಲಿಷಿನಲ್ಲಿ 1994ರಲ್ಲಿ ಪ್ರಕಟಿಸಿದ ಪುಸ್ತಕ ಅದು. ಕನ್ನಡದ ಪ್ರಾಚೀನ ಗದ್ಯವಾದ ‘ವಡ್ಡಾರಾಧನೆ’ಯಲ್ಲಿ ಇಡ್ಡಲಿಗೆಯ ಹೆಸರಿರುವುದನ್ನು ಅವರು ಎತ್ತಿ ತೋರಿಸಿದ್ದಾರೆ. ಹನ್ನೊಂದನೆಯ ಶತಮಾನದಲ್ಲಿ ಚಾವುಂಡರಾಯನೆಂಬ ಕವಿ ಬರೆದ ‘ಲೋಕೋಪಕಾರ’ದಲ್ಲಿ ಅದನ್ನು ಮಾಡುವ ಬಗೆ ಇದೆ: ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯೊಂದಿಗೆ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವುದು. ಇಂದಿನ ಇಡ್ಲಿಗೆ ಬೀಳುವ ಅಕ್ಕಿಯ ಮಾತು ಅಲ್ಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಅರಮನೆಯ ಭೋಜನವನ್ನೇ ವರ್ಣಿಸಿದನು. ಹದಿನಾರನೆಯ ಶತಮಾನದಲ್ಲಿ ಮೂರನೆಯ ಮಂಗರಸನು ಅಡಿಗೆಯನ್ನು ಕುರಿತು ‘ಸೂಪಶಾಸ್ತ್ರ’ವೆಂಬ ಷಟ್ಪದಿ ಕಾವ್ಯವನ್ನೇ ರಚಿಸಿದನು. ಪಾಕಶಾಸ್ತ್ರದಲ್ಲಿ ಕನ್ನಡಿಗರ ಪರಂಪರೆ ಎಂಥದೆಂದು ರಾಯರು ಹೆಮ್ಮೆಯಿಂದ ಹೇಳಿದರು.

“ಬರೆದವರೆಲ್ಲ ಗಂಡಸರೇ” ಎಂದಳು ಮಗಳು.

“ಉದ್ದು ರುಬ್ಬಿದವರ ಹೆಸರು ಬರೆದಿದ್ದಾರೇನೋ ನೋಡು” ಎಂದರು ಅಜ್ಜಿ.

ರಾಯರು ನೋಡಲಿಲ್ಲ, ಇರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಮೂರು ಕಲಮಿನ ನೋಟುಪುಸ್ತಕದ ಪರಂಪರೆಯೂ ಬಹು ಪ್ರಾಚೀನವಾದುದೆಂದು ಅವರಿಗೆ ಆಗ ಹೊಳೆದಿರಬಹುದು.

ಕೊನೆಗೆ ಪತ್ನಿ ತಾವೇ ಆರಿಸಿಕೊಂಡುದು ವೈದೇಹಿಯವರ ‘ಗುಲಾಬಿ ಟಾಕೀಸು ಮತ್ತು ಸಣ್ಣ ಅಲೆಗಳು’ ಎಂಬ ಕಥೆ. ಸಣ್ಣ ಊರಿಗೆ ಸಿನಿಮಾ ಮಂದಿರ ಬಂದು, ಮನೆಯೊಳಗಿದ್ದ ಹೆಂಗಸರು ಆಟ ನೋಡಲು ಹೊರಟಾಗ ಏನೇನಾಯಿತೆಂಬುದು ಅದರ ವಸ್ತು. ಗಿರೀಶ ಕಾಸರವಳ್ಳಿಯವರು ಈ ಕಥೆಯ ಎಳೆ ಹಿಡಿದು, ಬಹಳ ಮಾರ್ಪಡಿಸಿ, 2008ರಲ್ಲಿ ‘ಗುಲಾಬಿ ಟಾಕೀಸ್’ ಚಿತ್ರ ಮಾಡಿದರು. ಅದರ ನಟನೆಗಾಗಿ ಉಮಾಶ್ರೀಯವರಿಗೆ ರಾಷ್ಟ್ರಪ್ರಶಸ್ತಿ ಬಂದಿತು. ವೈದೇಹಿಯವರಿಗೆ 2009ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ಕಥೆ ಮುಗಿಯುವ ಮೊದಲೇ ಬೇಳೆ ಮುಗಿದಿತ್ತು. ಒಬ್ಬರಿಗೆ ಎರಡು ಗಂಟೆಯಾಗುವ ಕೆಲಸ ನಾಲ್ವರಿಗೆ ಅರ್ಧ ಗಂಟೆ. ಮಗನ ಕೈಗೆ ಅಭ್ಯಾಸವಿಲ್ಲದುದರಿಂದ ಮುಕ್ಕಾಲು ಗಂಟೆಯಾಯಿತೆನ್ನಬಹುದು. ಆದರೂ ಯಾರೂ ಏಳಲಿಲ್ಲ. ಖಾಲಿ ಕೈಯಲ್ಲಿ ಕುಳಿತು ಕಥೆ ಕೇಳಿದರು.

ವಿನೋದ

ಭಾನುವಾರ ಪತ್ನಿಯ ದಿನವೆಂದು ತೀರ್ಮಾನವಾಯಿತು. ಬೆಳಗ್ಗೆ ಸಾರು, ಮುದ್ದೆಗಳ ಊಟ ಬೇಗನೆ ಮುಗಿಯಿತು. ಕೃಷ್ಣರಾಜಪುರದಲ್ಲಿರುವ ಆಕೆಯ ತಂಗಿ ಮೆಟ್ರೋ ಹಿಡಿದು ಬಂದರು. ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಗೆ ರೈಲು ಓಡಲಾರಂಭಿಸಿದುದು 2011ರ ಅಕ್ಟೋಬರ್ 20ರಂದು. ಆ ಕಡೆ ವೈಟ್‌ಫೀಲ್ಡಿನಿಂದ ಕೃಷ್ಣರಾಜಪುರದವರೆಗೆ 2023ರ ಮಾರ್ಚಿನಲ್ಲಿ ಹಳಿ ತೆರೆದರೂ ನಡುವಿನ ಸಣ್ಣ ತುಂಡು ಕೂಡಿದುದು ಅದೇ ವರ್ಷದ ಅಕ್ಟೋಬರ್ 9ರಂದು. ಅಕ್ಕ ತಂಗಿಯರ ಮನೆಗಳ ನಡುವಣ ದಾರಿ ಅಂದಿನಿಂದ ಹಗುರವಾಗಿದೆ. 2023ರ ಜೂನ್ 11ರಿಂದ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣವೂ ಇಲ್ಲ. ಹೊರಡಲು ಅನುಕೂಲಗಳು ಹೆಚ್ಚಿವೆ. ಮನೆಯಿಂದ ಬಿಡುಗಡೆಯ ಚೀಟಿಯೊಂದೇ ಇನ್ನೂ ಮನೆಯವರ ಕೈಯಲ್ಲಿದೆ.

ಇಬ್ಬರೂ ಹಲಸೂರಿನಲ್ಲಿ ರೈಲು ಹತ್ತಿ ಮಹಾತ್ಮ ಗಾಂಧಿ ರಸ್ತೆಯಲ್ಲಿ ಇಳಿದರು. ಮದುವೆಯಾದ ಹೊಸದರಲ್ಲಿ ಅಕ್ಕ ಸಿನಿಮಾ ನೋಡಿದ ಪ್ಲಾಜಾ ಚಿತ್ರಮಂದಿರ ಆ ನಿಲ್ದಾಣಕ್ಕೇ ಜಾಗ ಬಿಟ್ಟುಕೊಟ್ಟಿತು. ಅದು 1936ರಲ್ಲಿ ತೆರೆದುದು. ಬ್ರಿಗೇಡ್ ರಸ್ತೆಯ ರೆಕ್ಸ್ 2018ರ ವರ್ಷಾಂತ್ಯಕ್ಕೆ ಬಾಗಿಲು ಮುಚ್ಚಿತು. ಚರ್ಚ್ ಸ್ಟ್ರೀಟಿನ ಬಳಿ ಟಿ. ಎಸ್. ಶಾನಭಾಗರು ನಡೆಸುತ್ತಿದ್ದ ಪ್ರೀಮಿಯರ್ ಪುಸ್ತಕದಂಗಡಿ 2009ರಲ್ಲಿ ನಿಂತಿತು. ಮುಂದೆ ಯಾವಾಗಲಾದರೂ ಹೋಗೋಣವೆಂದು ಮುಂದೂಡಿದ ಸ್ಥಳಗಳು ಕಾಯುವುದಿಲ್ಲವೆಂಬುದನ್ನು ಅಕ್ಕ ತಂಗಿಯರು ಆ ಅರ್ಧ ಮೈಲಿಯಲ್ಲಿಯೇ ಕಂಡರು.

ಆದರೂ ಉಳಿದುದು ಕಡಿಮೆಯಲ್ಲ. 1905ರಿಂದ ಇರುವ ಹಿಗಿನ್‌ಬಾಥಮ್ಸ್ ಇದೆ. 1945ರಲ್ಲಿ ಆರಂಭವಾದ ಸೆಲೆಕ್ಟ್ ಇದೆ. ಚರ್ಚ್ ಸ್ಟ್ರೀಟಿನಲ್ಲಿ ಹಳೆಯ ಪುಸ್ತಕಗಳನ್ನು ಮಹಡಿ ಮಹಡಿಯಾಗಿ ಪೇರಿಸಿಟ್ಟ ಅಂಗಡಿಗಳಿವೆ. ಪತ್ನಿ ಒಂದು ಗಂಟೆ ಕಾಲ ಯಾರ ಕರೆಯೂ ಇಲ್ಲದೆ ಪುಸ್ತಕಗಳ ನಡುವೆ ನಿಂತರು. ಆಮೇಲೆ ಕಾಫಿ ಹೌಸಿಗೆ ಹೋದರು. ಕಾಫಿ ಕಾರ್ಮಿಕರು 1957ರಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿಕೊಂಡುದು ಈ ಊರಿನಲ್ಲಿಯೇ. ಅವರ ಕಾಫಿ ಹೌಸ್ 2009ರಲ್ಲಿ ಮಹಾತ್ಮ ಗಾಂಧಿ ರಸ್ತೆಯ ಹಳೆಯ ಜಾಗ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂದಿತು. ಬೇರೆಯವರು ಮಾಡಿದ ಕಾಫಿಯನ್ನು ಕುಳಿತು ಕುಡಿಯುವುದರಲ್ಲಿ ಒಂದು ವಿಶೇಷ ರುಚಿಯಿದೆ. ರಾಯರಿಗೆ ಅದು ದಿನವೂ ದೊರೆಯುವುದರಿಂದ ಅವರ ಪಟ್ಟಿಯಲ್ಲಿ ಅದು ಎಂದೂ ಸೇರಿರಲಿಲ್ಲ.

ಸಂಜೆ ಇಂದಿರಾನಗರ ಸಂಗೀತ ಸಭೆಯ ಪುರಂದರ ಭವನದಲ್ಲಿ ಕಛೇರಿ. ಎಂಟು ಗಂಟೆಗೆ ಪತ್ನಿ ಅಭ್ಯಾಸಬಲದಿಂದ ಗಡಿಯಾರ ನೋಡಿದರು. ತಂಗಿ ಅವರ ಕೈಯನ್ನು ಹಿಡಿದುಕೊಂಡರು. ಮಂಗಳದವರೆಗೆ ಕುಳಿತರು.

ಇತ್ತ ಮನೆಯಲ್ಲಿ ರಾಯರು ಒಲೆಯ ಮುಂದೆ ನಿಂತಿದ್ದರು. ಧನುರ್ಮಾಸದಲ್ಲಿ ದೇವಾಲಯಗಳಲ್ಲಿ ಬೆಳಗಿನ ಜಾವ ಕೊಡುವ ಹುಗ್ಗಿಯಷ್ಟು ಸುಲಭವಾದ ಅಡಿಗೆ ಇಲ್ಲವೆಂದು ಅವರ ತಾಯಿ ಹೇಳಿಕೊಟ್ಟರು. ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಹೆಸರುಬೇಳೆ. ಬೇಳೆಯನ್ನು ಒಣ ಬಾಣಲೆಯಲ್ಲಿ ಘಮಘಮಿಸುವವರೆಗೆ ಹುರಿದು, ಅಕ್ಕಿಯೊಂದಿಗೆ ತೊಳೆದು, ಆರು ಲೋಟ ನೀರಿನಲ್ಲಿ ಮೆತ್ತಗೆ ಬೇಯಿಸುವುದು. ಉಪ್ಪು, ಎರಡು ಚಮಚ ತೆಂಗಿನ ತುರಿ. ಮೂರು ದೊಡ್ಡ ಚಮಚ ತುಪ್ಪದಲ್ಲಿ ಒಂದು ಚಮಚ ಜೀರಿಗೆ, ಒಂದು ಚಮಚ ಕುಟ್ಟಿದ ಮೆಣಸು, ಶುಂಠಿಯ ಚೂರು, ಗೋಡಂಬಿ, ಕರಿಬೇವು ಹಾಕಿ ಒಗ್ಗರಣೆ. ಹುಣಿಸೆಯ ಗೊಜ್ಜಿದ್ದರೆ ಪೂರ್ಣ.

ರಾಯರ ಹುಗ್ಗಿ ತಳ ಹಿಡಿಯಿತು. ಮೆಣಸು ಹೆಚ್ಚಾಯಿತು. ತಾಯಿಗೆ ಹೊತ್ತಿಗೆ ಸರಿಯಾಗಿ ಬಡಿಸಿ, ಮಕ್ಕಳಿಗೆ ಬಡಿಸಿ, ಒಲೆ ಒರೆಸಿ, ತಳ ಹತ್ತಿದ ಪಾತ್ರೆಗೆ ನೀರು ತುಂಬಿ ಅವರು ತಟ್ಟೆ ಹಾಕಿಕೊಳ್ಳುವ ಹೊತ್ತಿಗೆ ಹುಗ್ಗಿ ಆರಿ ಗಟ್ಟಿಯಾಗಿತ್ತು. ಹಸಿವೂ ಇರಲಿಲ್ಲ. ಎರಡು ಗಂಟೆ ಒಗ್ಗರಣೆಯ ಹೊಗೆ ಕುಡಿದವರಿಗೆ ಊಟ ಸೇರುವುದಿಲ್ಲವೆಂಬುದನ್ನು ಅರವತ್ತು ದಾಟಿದ ಭೋಜನಪ್ರಿಯರು ಆ ರಾತ್ರಿ ಕಲಿತರು. ಮೂವತ್ತೈದು ವರ್ಷ ಎದುರಿಗೆ ಕುಳಿತು “ಇಷ್ಟೇ ಸಾಕು” ಎಂದು ಅರ್ಧ ತಟ್ಟೆಗೆ ಏಳುತ್ತಿದ್ದ ಪತ್ನಿಯ ಅಭ್ಯಾಸವನ್ನು ಅವರು ಮಿತಾಹಾರವೆಂದು ಹೊಗಳುತ್ತಿದ್ದರು.

ಜಿಯೋ ಬೇಬಿ ಎಂಬ ನಿರ್ದೇಶಕರು 2021ರಲ್ಲಿ ಮಲಯಾಳದಲ್ಲಿ ತಯಾರಿಸಿದ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಎಂಬ ಚಿತ್ರ ಇದನ್ನೇ ಹೇಳುತ್ತದೆ. ಹೆಚ್ಚುವುದು, ರುಬ್ಬುವುದು, ಬಡಿಸುವುದು, ಎಂಜಲು ತೆಗೆಯುವುದು, ತೊಟ್ಟಿ ತೊಳೆಯುವುದು, ದಿನವೂ ಅದೇ. ಪರದೆಯ ಮೇಲೆ ಅದನ್ನು ನೋಡಿ ಬೇಸರವಾಯಿತೆಂದವರು ಉಂಟು. ನೋಡುವುದೇ ಅಷ್ಟು ಬೇಸರವಾದರೆ ಮಾಡುವವರ ಪಾಡೇನೆಂಬುದು ಚಿತ್ರದ ಪ್ರಶ್ನೆ. ಈ ತಿಂಗಳು ಮನೆಮಂದಿಯೆಲ್ಲ ಕೂಡಿ ನೋಡಲು ಯೋಗ್ಯವಾದುದು ಇದೇ. ನೋಡಿದ ಮೇಲೆ ಪಾತ್ರೆ ಯಾರು ತೊಳೆಯಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡರೆ ಲೇಸು.

ಪತ್ನಿ ಒಂಬತ್ತೂವರೆಗೆ ಮನೆಗೆ ಬಂದರು. ಕೈಯಲ್ಲಿ ಎರಡು ಹಳೆಯ ಪುಸ್ತಕಗಳಿದ್ದುವು. ತಳ ಹತ್ತಿದ ಹುಗ್ಗಿಯನ್ನು ಬಿಸಿ ಮಾಡಿ ರಾಯರು ಬಡಿಸಿದರು. ಆಕೆ ಒಂದು ತುತ್ತು ಬಾಯಿಗಿಟ್ಟು, ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಸೌಟು ಹಾಕಿಸಿಕೊಂಡರು.

“ಮೆಣಸು ಜಾಸ್ತಿಯಾಯ್ತೇನೇ?” ಎಂದರು ರಾಯರು.

“ಆಯ್ತು. ಆದರೆ ಹಸಿವಿತ್ತು ನೋಡಿ” ಎಂದರು ಆಕೆ.

ಆ ರಾತ್ರಿ ನೋಟುಪುಸ್ತಕದ ಡಿಸೆಂಬರಿನ ಪುಟದಲ್ಲಿ ನಾಲ್ಕನೆಯ ಗೆರೆ ಬಿದ್ದಿತು. ಅದರ ತಲೆಗೆ ರಾಯರು ‘ಯಾರ ಕೈ’ ಎಂದು ಬರೆದರು. ಹಿತಕಿದ ಬೇಳೆಯ ಎದುರಿಗೆ ‘ಎಂಟು ಕೈ’ ಎಂದಾಯಿತು. ಹುಗ್ಗಿಯ ಎದುರಿಗೆ ತಮ್ಮ ಹೆಸರು ಹಾಕಿ ‘ತಳ ಹಿಡಿಯಿತು’ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಓದು, ವಿನೋದಗಳ ಕಲಮನ್ನು ಖಾಲಿ ಬಿಟ್ಟು ಪುಸ್ತಕವನ್ನೂ ಲೇಖನಿಯನ್ನೂ ಪತ್ನಿಯ ಮುಂದಿಟ್ಟರು.

ಆಕೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಬರೆದರು. ಮುಂದಿನ ತಿಂಗಳು ಸಂಕ್ರಾಂತಿ. ಎಳ್ಳು, ಕೊಬ್ಬರಿ, ಬೆಲ್ಲಗಳನ್ನು ಸಣ್ಣಗೆ ಹೆಚ್ಚುವ ಕೆಲಸವಿದೆ. ಆ ಪುಟಕ್ಕೂ ಈಗಲೇ ನಾಲ್ಕು ಕಲಮು ಗೆರೆಯೆಳೆದಿದೆ.